ಅಳತೆ ಟೇಪಿಲ್ಲದ ಫೋಟೋಗಳು

೧೨ ಜನವರಿ ೧೯೯೩

ತಮ್ಮನಿಗೆ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಸಿಟ್ಟು ಇಳಿದಿದೆ ಅಂದುಕೊಳ್ಳಬೇಡ. ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ, ಮೈಕ್ರೋಸ್ಕೋಪಿನ ಪಕ್ಕದ ಕುರ್ಚಿಯಲ್ಲಿ ನಿನ್ನನ್ನು ಕೂರಿಸಲು ನಾನು ಯಾರ ಯಾರ ಕೈಕಾಲು ಹಿಡಿದಿದ್ದೆ ಎಂದು ನಿನಗೆ ಗೊತ್ತು. ಹದಿನಾಲ್ಕನೇ ದಿನ ಎಲ್ಲರೆದುರು, "ಸತ್ತ ಚೂರುಗಳ ಫೋಟೋ ತೆಗೆಯೋಕೆ ನಾನು ಹುಟ್ಟಿಲ್ಲ" ಎಂದು ಎದ್ದು ಹೋದೆ. ಆ ಚೂರುಗಳನ್ನು ನೋಡುವುದೇ ನನ್ನ ಜೀವನ. ಅದು ನಿನಗೆ ಹೊಳೆಯಲೇ ಇಲ್ಲ.

ವಿಷಯಕ್ಕೆ ಬರುತ್ತೇನೆ. ಅಮ್ಮನ ಕಾರ್ಡು ಬಂದಿದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ ಒಂದು ಕಪ್ಪು ಚುಕ್ಕೆ ಬಂದಿದೆಯಂತೆ. ಹೊಲಿಗೆ ಮಿಷನ್ನಿನ ಪೆಡಲು ಒತ್ತಿ ಒತ್ತಿ ಆದ ಆಣಿ ಅದು, ಡಾಕ್ಟರ ಹತ್ತಿರ ಹೋಗುವಂಥದ್ದೇನಲ್ಲ ಎಂದು ಅವಳೇ ತೀರ್ಮಾನ ಕೊಟ್ಟಿದ್ದಾಳೆ. ಅವಳ ಹಟ ನಿನಗೆ ಹೇಳಬೇಕಾಗಿಲ್ಲ.

ನೀನು ಅವಳ ಜೊತೆಯಲ್ಲಿದ್ದೀಯ, ನಾನು ಒಂದೂವರೆ ದಿನದ ಪ್ರಯಾಣದಷ್ಟು ದೂರದಲ್ಲಿದ್ದೇನೆ. ಹುಳುಗಳ ಫೋಟೋ ತೆಗೆಯುವ ನಿನ್ನ ಲೆನ್ಸಿನಲ್ಲಿ ಆಗಾಗ ಆ ಚುಕ್ಕೆಯದೊಂದು ಫೋಟೋ ತೆಗೆದು ಕಳಿಸು. ದೊಡ್ಡದಾಗುತ್ತಿದ್ದರೆ ಎಳೆದುಕೊಂಡಾದರೂ ಆಸ್ಪತ್ರೆಗೆ ಹೋಗಬೇಕು. ದೊಡ್ಡದಾಗದಿದ್ದರೆ ಅವಳ ಪಾಡಿಗೆ ಬಿಡೋಣ.

ಅಕ್ಕ

೩೦ ಜನವರಿ ೧೯೯೩

ಅಕ್ಕಾ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಒಡೆಯಲು ಹಿಂಜರಿದೆ. ಒಳಗಿನ ಬೈಗುಳ ಓದಿದ ಮೇಲೆ ಸಮಾಧಾನವಾಯಿತು, ನೀನು ನೀನಾಗಿಯೇ ಇದ್ದೀಯ. ಅವತ್ತು ನಾನಾಡಿದ ಮಾತಿಗೆ ಈ ಮೂರು ವರ್ಷದಲ್ಲಿ ಮನಸ್ಸಿನಲ್ಲೇ ನೂರು ಸಲ ತಪ್ಪಾಯಿತು ಅಂದಿದ್ದೇನೆ. ಕಾಗದದಲ್ಲಿ ಇದು ಮೊದಲನೆಯದು: ತಪ್ಪಾಯಿತು ಅಕ್ಕ.

ಫೋಟೋ ಇಟ್ಟಿದ್ದೇನೆ. ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಅಮ್ಮನ ಕಾಲಿಡಿಸಿ ತೆಗೆದೆ. ಅವಳ ಗೊಣಗಾಟ ಕೇಳಬೇಕಿತ್ತು. "ಇಷ್ಟು ವರ್ಷದಲ್ಲಿ ನನ್ನ ಮುಖದ್ದು ಒಂದು ಫೋಟೋ ತೆಗ್ದಿಲ್ಲ, ಈಗ ಅಂಗಾಲು ಬೇಕಂತೆ ಇವನಿಗೆ!" ಅಷ್ಟಕ್ಕೇ ಬಿಡಲಿಲ್ಲ. ಕೊರಳಲ್ಲಿದ್ದ ಅಳತೆ ಟೇಪು ತೆಗೆದು ತಾನೇ ಚುಕ್ಕೆಯ ಪಕ್ಕದಲ್ಲಿಟ್ಟಳು. "ಅಳತೆ ಇಲ್ದೆ ಏನು ಕೆಲ್ಸನೋ ಅದು?" ಅದೋ ಹಳದಿ ಬಣ್ಣದ ಹಳೇ ಟೇಪು, ಅಂಚೆಲ್ಲ ನೂಲು ಬಿಟ್ಟಿದೆ. ಫೋಟೋದ ಅಂದವೇ ಹೋಗುತ್ತಿತ್ತು. "ನಾನೇನು ನಿನ್ನ ಕಾಲಿಗೆ ಅಂಗಿ ಹೊಲೀತಿದೀನಾ?" ಎಂದು ಕಿತ್ತು ಬಿಸಾಕಿದೆ. ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದಳು.

ಇನ್ನೊಂದು ವಿಷಯ, ನಿನ್ನ ಹೊಟ್ಟೆ ಉರಿಸಲಿಕ್ಕೆ. ನನ್ನ ಲೆನ್ಸಿನ ಮೇಲೆ ಏನು ಕೆತ್ತಿದೆ ಗೊತ್ತಾ? "ಮೈಕ್ರೋ"! ಕಂಪನಿಯವರೇ ಕೆತ್ತಿದ್ದು. ಇನ್ನು ನೀನೊಬ್ಬಳೇ ಮೈಕ್ರೋದವಳು ಎಂದು ಜಂಬ ಪಡುವ ಹಾಗಿಲ್ಲ.

ನಿನ್ನ ತಮ್ಮ

೧೪ ಫೆಬ್ರವರಿ ೧೯೯೩

ಮಿಡತೆ,

ಹುಳುಗಳ ಹಿಂದೆ ನೆಗೆಯುವವನಿಗೆ ನಾನಿಟ್ಟ ಹೆಸರನ್ನು ಮತ್ತೆ ಬರೆಯುವಾಗ ನಗು ಬಂತು. ಟೇಪಿನ ಕಥೆ ಓದಿ ಲ್ಯಾಬಿನಲ್ಲಿ ಒಬ್ಬಳೇ ನಕ್ಕೆ. ಅಮ್ಮ ಸ್ವರ್ಗಕ್ಕೆ ಹೋದರೂ ಬಾಗಿಲ ಅಗಲ ಅಳೆದೇ ಒಳಗೆ ಕಾಲಿಡುವವಳು.

ಮೈಕ್ರೋದ ಮಾತಿಗೆ ಬರೋಣ. ಆ ಕಂಪನಿಯವರು ಏನಾದರೂ ಕೆತ್ತಿಕೊಳ್ಳಲಿ, ನಿನ್ನದು ಮ್ಯಾಕ್ರೋ ಲೆನ್ಸು. ಹೆಚ್ಚೆಂದರೆ ವಸ್ತು ಎಷ್ಟಿದೆಯೋ ಫಿಲ್ಮಿನ ಮೇಲೆ ಅಷ್ಟೇ ಮೂಡಿಸುತ್ತದೆ. ಉಂಗುರ ತಿರುಗಿಸಿದಾಗ "ಒಂದಕ್ಕೆ ಒಂದು" ಎಂದು ಬರುತ್ತದಲ್ಲ, ಅದೇ. "ಒಂದಕ್ಕೆ ಎರಡು" ಎಂದರೆ ಫಿಲ್ಮಿನ ಮೇಲೆ ಅರ್ಧ. ಬರಿಗಣ್ಣಿಗೆ ಕಾಣುವುದನ್ನೇ ನೀನು ಹತ್ತಿರ ಹೋಗಿ ತೋರಿಸುತ್ತೀಯ. ನನ್ನದು ಬರಿಗಣ್ಣಿಗೆ ಕಾಣದ್ದು. ನನ್ನ ಕ್ಯಾಮೆರಾಗೆ ಸ್ವಂತ ಲೆನ್ಸೇ ಇಲ್ಲ. ಮೈಕ್ರೋಸ್ಕೋಪಿನ ತಲೆಯ ಮೇಲೆ ಸುಮ್ಮನೆ ಕೂರುತ್ತದೆ. ಹತ್ತು ಪಟ್ಟು, ನಲವತ್ತು ಪಟ್ಟು ದೊಡ್ಡದು ಮಾಡುವ ಗುಂಡುಸೂಜಿ ತಲೆಯಷ್ಟು ಗಾಜು ಕೆಳಗಿರುತ್ತದೆ. ನಿನಗೆ ಬೆಳಕು ಮೇಲಿಂದ ಬೀಳುತ್ತದೆ. ನನಗೆ ಕೆಳಗಿನಿಂದ ಚೂರನ್ನು ತೂರಿಕೊಂಡು ಬರಬೇಕು. ಅದಕ್ಕೇ ಕತ್ತರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ ಸ್ಲೈಡಿನ ಮೇಲೆ ಕೂರಿಸಬೇಕು. ಕತ್ತರಿಸದೆ ನನ್ನ ಲೆನ್ಸಿಗೆ ಏನೂ ಕಾಣುವುದಿಲ್ಲ.

ಆದ್ದರಿಂದ ಅಮ್ಮನ ಕಾಲಿಗೆ ನಿನ್ನ ಮ್ಯಾಕ್ರೋವೇ ಸಾಕಾಗಲಿ, ನನ್ನ ಮೈಕ್ರೋ ಬೇಡವೇ ಬೇಡ. ಒರಟು ಚರ್ಮಕ್ಕೆ ಒಂದು ಮುಲಾಮು ಪಾರ್ಸಲ್ ಮಾಡಿದ್ದೇನೆ, ದಿನಾ ಹಚ್ಚಲಿ.

ಅಕ್ಕ

೨ ಏಪ್ರಿಲ್ ೧೯೯೩

ಅಕ್ಕಾ,

ಎರಡನೇ ಫೋಟೋ ಇದರ ಜೊತೆಗಿದೆ. ಮೊದಲನೆಯದರ ಪಕ್ಕದಲ್ಲಿಟ್ಟು ನೋಡು. ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ! ಕೂದಲೆಳೆಯಷ್ಟೂ ದೊಡ್ಡದಾಗಿಲ್ಲ. ನನ್ನ ಕೈಯ ಪಳಗುವಿಕೆಯನ್ನೂ ಸ್ವಲ್ಪ ಹೊಗಳು. ಹುಳುಗಳ ಪುಸ್ತಕಕ್ಕೆ ಕೆಲಸ ಮಾಡಿ ಬಂದದ್ದು ಅದು. ಇರುವೆಯಾಗಲಿ ಜೀರುಂಡೆಯಾಗಲಿ ಚೌಕಟ್ಟಿನ ಕಾಲು ಭಾಗಕ್ಕೆ ಸರಿಯಾಗಿ ಕೂರಬೇಕು, ಪುಟ ತಿರುಗಿಸಿದರೆ ಎಲ್ಲವೂ ಒಂದೇ ಸಮ ಕಾಣಬೇಕು ಎನ್ನುವುದು ಸಂಪಾದಕರ ಕಟ್ಟಪ್ಪಣೆ. ಈಗ ಕಣ್ಣು ಮುಚ್ಚಿಕೊಂಡರೂ ಕೈ ತಾನೇ ಹಾಗೆ ಕೂರಿಸುತ್ತದೆ.

ನಿನ್ನ ಕಾಗದ ಬಂದರೆ ಅಮ್ಮ ಮೊದಲು ಮಾಡುವ ಕೆಲಸ ಹಾಳೆ ಎಣಿಸುವುದು. "ಈ ಸಲ ಎರಡು!" ಎಂದು ನನಗೆ ತೋರಿಸುತ್ತಾಳೆ, ಎರಡೂ ಹಾಳೆಯನ್ನು ತಾನೇ ನೇಯ್ದವಳ ಹಾಗೆ. ಆಮೇಲೆ ಕನ್ನಡಕ ಹುಡುಕುತ್ತಾಳೆ. ಫೋಟೋ ತೆಗೆದು ಮುಗಿದ ತಕ್ಷಣ, "ಇನ್ನು ಹೋಗು, ನಂಗೆ ಕೆಲ್ಸ ಇದೆ" ಎಂದು ನನ್ನನ್ನು ಕೋಣೆಯಿಂದ ಅಟ್ಟುತ್ತಾಳೆ. ಮಿಷನ್ನನ್ನು ಈಗ ಎಡಗಾಲಲ್ಲಿ ತುಳಿಯುವುದು ಕಲಿತಿದ್ದಾಳೆ. ಎರಡೂ ಕಾಲಿಗೆ ಸಮಾನ ಕೆಲಸ ಕೊಡಬೇಕಂತೆ.

ಮಿಡತೆ

೨೦ ಜೂನ್ ೧೯೯೩

ಮಿಡತೆ,

ಮೂರನೇ ಫೋಟೋ ತಲುಪಿತು. ಮೂರನ್ನೂ ನನ್ನ ಮೇಜಿನ ಗಾಜಿನ ಕೆಳಗೆ ಸಾಲಾಗಿ ಇಟ್ಟುಕೊಂಡಿದ್ದೇನೆ. ಚುಕ್ಕೆ ಇದ್ದ ಹಾಗೇ ಇದೆ. ಅಷ್ಟೇ ಅಲ್ಲ, ಅಂಗಾಲಿನ ಚರ್ಮದ ಗೆರೆಗಳು ಮೊದಲ ಫೋಟೋದಲ್ಲಿ ದಪ್ಪ ದಪ್ಪ ಇದ್ದವು, ಇದರಲ್ಲಿ ನಯವಾಗಿವೆ. ನನ್ನ ಮುಲಾಮು ಕೆಲಸ ಮಾಡಿದೆ ಎಂದು ಅಮ್ಮನಿಗೆ ಹೇಳು. ದಿನಾ ಬೆಳಗ್ಗೆ ಕೆಲಸ ಶುರು ಮಾಡುವ ಮುಂಚೆ ಅಮ್ಮನ ಕಾಲು ನೋಡುತ್ತೇನೆ, ಅವಳ ಎದುರು ನೆಲದ ಮೇಲೆ ಕೂತ ಹಾಗಾಗುತ್ತದೆ.

ನೆನಪಿದೆಯಾ, ನಾವಿಬ್ಬರೂ ಮಿಷನ್ನಿನ ಕೆಳಗೆ ನುಸುಳಿ ಆಡುತ್ತಿದ್ದದ್ದು? ಮೇಲೆ ಅವಳ ಹೊಲಿಗೆ ಓಡುತ್ತಿತ್ತು, ನಮಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ನೀನು ಅಂಗಾಲಿಗೆ ಕಚಗುಳಿ ಇಡುತ್ತಿದ್ದೆ. ಪೆಟ್ಟು ತಿನ್ನುತ್ತಿದ್ದವಳು ನಾನು. ವರ್ಷಕ್ಕೊಮ್ಮೆ ಇಬ್ಬರನ್ನೂ ಗೋಡೆಗೆ ಒರಗಿಸಿ ಭುಜ, ಎದೆ, ಉದ್ದ ಎಂದು ಅಳೆದು ಅಳತೆ ಪುಸ್ತಕದಲ್ಲಿ ಬರೆಯುತ್ತಿದ್ದಳು. ನಿನಗಿಂತ ಒಂದು ಇಂಚು ಹೆಚ್ಚು ಬರಲಿ ಎಂದು ನಾನು ತುದಿಗಾಲಲ್ಲಿ ನಿಲ್ಲುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು, ಹೆಗಲು ಒತ್ತಿ ಕೆಳಗಿಳಿಸುತ್ತಿದ್ದಳು.

ಮೂರು ವರ್ಷ ನಿನಗೆ ಬರೆಯದೆ ನಾನು ಎಂಥ ಮೂರ್ಖಳಾದೆ. ಇದು ಮೂರನೇ ಹಾಳೆ. ಅಮ್ಮನಿಗೆ ತೋರಿಸು, ಖುಷಿಪಡಲಿ.

ಅಕ್ಕ

೨೮ ಆಗಸ್ಟ್ ೧೯೯೩

ಅಕ್ಕಾ,

ಗಾಬರಿಯಾಗಬೇಡ. ನಾಲ್ಕನೇ ಫೋಟೋ ಇಟ್ಟಿದ್ದೇನೆ, ಅದರಲ್ಲಿ ಎಂದಿನ ಹಾಗೇ ಇದೆ. ಅದನ್ನು ತೆಗೆದು ಒಂದು ವಾರಕ್ಕೆ ಅಮ್ಮನ ಕಾಲುಚೀಲದಲ್ಲಿ ರಕ್ತದ ಕಲೆ ಕಂಡಿತು. ಒಗೆಯುವ ಬಟ್ಟೆಯ ಅಡಿಯಲ್ಲಿ ಅಡಗಿಸಿಟ್ಟಿದ್ದಳು. "ಸೂಜಿ ಮೇಲೆ ಕಾಲಿಟ್ಟೆ ಕಣೋ" ಅಂದಳು. ನಾನು ನಂಬಲಿಲ್ಲ, ಎತ್ತಿಕೊಂಡೇ ಹೋದೆ. ಇಲ್ಲಿಯ ಡಾಕ್ಟರು ನೋಡಿ ಒಂದು ಚೀಟಿ ಬರೆದರು. ಮರಗಟ್ಟಿಸಿ ಒಂದು ಚೂರು ಕತ್ತರಿಸಿ ಸೀಸೆಗೆ ಹಾಕಿದರು. ಎಲ್ಲಿಗೆ ಕಳಿಸಬೇಕು ಎಂದು ಕೇಳಿದಾಗ ನಿನ್ನ ಲ್ಯಾಬಿನ ಹೆಸರು ಹೇಳಿದೆ. ಅವರ ಚೀಟಿಯ ಜೊತೆಗೇ ಬರುತ್ತದೆ.

ಸತ್ತ ಚೂರು ಅಂದಿದ್ದೆನಲ್ಲ. ನಾಲಿಗೆ ಕಚ್ಚಿಕೊಳ್ಳುತ್ತಿದ್ದೇನೆ.

ಗಾತ್ರ ಬದಲಾಗಿಲ್ಲ ಅಂದಮೇಲೆ ಹೆದರುವಂಥದ್ದೇನೂ ಇರಲಾರದು, ಅಲ್ಲವಾ?

ಮಿಡತೆ

೯ ಸೆಪ್ಟೆಂಬರ್ ೧೯೯೩

ತಮ್ಮಾ,

ಈ ಕಾಗದ ಅಮ್ಮನಿಗೆ ತೋರಿಸಬೇಡ.

ಚೂರು ತಲುಪಿತು. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ನಾನೇ ಸೀಳಿದೆ, ನಾನೇ ಬಣ್ಣ ಹಾಕಿದೆ, ಫೋಟೋವನ್ನೂ ನಾನೇ ತೆಗೆದೆ. ಕೆಟ್ಟದ್ದೇ ಇದೆ, ಕ್ಯಾನ್ಸರು. ನಮ್ಮ ದೊಡ್ಡ ಡಾಕ್ಟರು ಎರಡು ಸಲ ನೋಡಿದರು. ಕೂಡಲೇ ಅಮ್ಮನನ್ನು ಕರೆದುಕೊಂಡು ಹೊರಡು. ಇಲ್ಲಿ ಆಪರೇಷನ್ನಿಗೆ ಹೇಳಿಟ್ಟಿದ್ದೇನೆ.

ಅಲ್ಲಿಯ ಡಾಕ್ಟರ ಚೀಟಿ ಓದಿದೆ. ನಿನ್ನನ್ನು ಒಂದು ಮಾತು ಕೇಳಬೇಕೆಂದಿದ್ದೆ. ಬೇಡ ಬಿಡು, ಅಂಥದ್ದೇನಲ್ಲ.

ನಿನ್ನ ಫೋಟೋಗಳು ಚೆನ್ನಾಗಿದ್ದವು.

ಅಕ್ಕ

೧೮ ನವೆಂಬರ್ ೧೯೯೩

ಮಿಡತೆ,

ಅಮ್ಮ ಸುಖವಾಗಿ ಮನೆ ತಲುಪಿದಳು ಎಂದು ತಿಳಿದು ನೆಮ್ಮದಿಯಾಯಿತು. ಎರಡು ತಿಂಗಳು ನನ್ನ ಜೊತೆಗಿದ್ದು ನನ್ನ ಎಲ್ಲ ಲಂಗಗಳ ಅಂಚನ್ನೂ ಬಿಚ್ಚಿ ಮತ್ತೆ ಹೊಲಿದು ಹೋಗಿದ್ದಾಳೆ. ಕಾಲಿನ ಗಾಯ ಒಣಗುತ್ತದೆ. ತೊಡೆಸಂದಿಯ ಗಂಟು ನೋಯುತ್ತದೆ ಅಂದರೆ ನಾನು ಕೊಟ್ಟ ಮಾತ್ರೆ ಕೊಡು. ಅವಳಿಗೆ ಏನು ಮಾಡಬೇಕು ಅನ್ನಿಸುತ್ತದೋ ಮಾಡಲಿ, ಹೊಲಿಯಬೇಡ ಅನ್ನಬೇಡ.

ಒಂದು ಕೆಲಸ ಮಾಡು. ಅವಳ ಮುಖದ ಫೋಟೋ ತೆಗೆ. ಹುಳುವಿನ ಲೆನ್ಸು ಬೇಡ, ಸಾದಾ ಲೆನ್ಸು ಹಾಕಿಕೊಂಡು ದೂರ ನಿಂತು ತೆಗೆ. ಈ ತಿಂಗಳಲ್ಲೇ ತೆಗೆ.

ಅಕ್ಕ

೧೦ ಡಿಸೆಂಬರ್ ೧೯೯೩

ಅಕ್ಕಾ,

ಮುಖದ ಫೋಟೋ ಕೇಳಿದ್ದಕ್ಕೆ ಅಮ್ಮನ ಸಂಭ್ರಮ ನೋಡಬೇಕಿತ್ತು. ಬೆಳ್ಳಿ ಗುಂಡಿಯ ನೀಲಿ ಅಂಗಿ ಹಾಕಿಕೊಂಡು ಮಿಷನ್ನಿನ ಎದುರು ಕೂತಳು. ಚೇತರಿಸಿಕೊಂಡ ಖುಷಿಗೆ ಕೇಳಿದ್ದೀಯ ಎಂದು ನಾನು ಅವಳಿಗೆ ಹೇಳಿದೆ. ಅವಳು ನನ್ನ ಅಂಗಿಯ ಕಾಲರು ಸರಿಮಾಡುತ್ತಾ, "ಹೌದು, ಅದಕ್ಕೇ ಇರ್ಬೇಕು" ಅಂದಳು. ಸ್ವಲ್ಪ ಇಳಿದಿದ್ದಾಳೆ, ಆದರೆ ಊಟ ಸೇರುತ್ತಿದೆ. ಚಳಿ ಕಳೆದರೆ ಎದ್ದು ಓಡಾಡುತ್ತಾಳೆ.

ಹನ್ನೊಂದು ಫೋಟೋ ತೆಗೆದೆ. ಬೈಯಬೇಡ. ಐದಡಿ ದೂರದಿಂದ ಮನುಷ್ಯರನ್ನು ತೆಗೆಯುವುದು ನನಗೆ ಮರೆತೇ ಹೋಗಿದೆ. ಅವಳು ದಾರ ಪೋಣಿಸುತ್ತಿದ್ದಳು. ಅಭ್ಯಾಸಬಲ, ನನ್ನ ಕಣ್ಣು ಹತ್ತಿರದ ಸೂಜಿಗೇ ಹೋಯಿತು. ಹನ್ನೊಂದರಲ್ಲೂ ಸೂಜಿಯ ಕಣ್ಣು ಕೂಡ ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ಅಮ್ಮನ ಮುಖ ಮಂಜು ಮಂಜು. ಬಿಸಿಲು ಬಂದ ಮೇಲೆ ಮತ್ತೆ ತೆಗೆಯುತ್ತೇನೆ, ಅವಸರವೇನಿದೆ?

ಮಿಡತೆ

೬ ಫೆಬ್ರವರಿ ೧೯೯೪

ಅಕ್ಕಾ,

ಅಮ್ಮ ಹೋಗಿ ಇಪ್ಪತ್ತಾರು ದಿನ. ನೀನು ಹಿಂತಿರುಗಿದ ಮೇಲೆ ಈ ಮನೆಯಲ್ಲಿ ಮಿಷನ್ನಿನ ಮೇಲಿನ ಹೊದಿಕೆಯನ್ನು ನಾನು ತೆಗೆದಿಲ್ಲ.

ನಿನ್ನೆ ಹುಳುಗಳ ಪುಸ್ತಕದ ಪ್ರೂಫು ಬಂತು. ಇರುವೆ, ಜೀರುಂಡೆ, ಮಿಡತೆ, ಎಲ್ಲವೂ ಒಂದೇ ಗಾತ್ರ. ಪ್ರತಿ ಚಿತ್ರದ ಕೆಳಗೆ ನಿಜವಾದ ಉದ್ದ ಎಷ್ಟು ಎಂದು ಸಣ್ಣಕ್ಷರದಲ್ಲಿ ಹಾಕಬೇಕು. ಅದಕ್ಕಾಗಿ ಪ್ರತಿ ಫೋಟೋ ತೆಗೆದಾಗಲೂ ಲೆನ್ಸಿನ ಉಂಗುರದ ಅಂಕಿ ಬರೆದಿಟ್ಟುಕೊಳ್ಳುತ್ತೇನೆ. ಆ ಪಟ್ಟಿಯಲ್ಲಿ ಮಿಡತೆಗಳ ನಡುವೆ ಅಮ್ಮನ ಕಾಲೂ ಇತ್ತು.

ಜನವರಿ, ಒಂದಕ್ಕೆ ಒಂದು. ಏಪ್ರಿಲ್, ಒಂದಕ್ಕೆ ಒಂದೂಕಾಲಿನ ಮೇಲೆ. ಜೂನ್, ಒಂದಕ್ಕೆ ಒಂದೂಮುಕ್ಕಾಲಿನ ಹತ್ತಿರ. ಆಗಸ್ಟ್, ಒಂದಕ್ಕೆ ಎರಡು.

ಪ್ರತಿ ಸಲವೂ ನಾನು ಹಿಂದೆ ಸರಿದಿದ್ದೇನೆ ಅಕ್ಕ. ಚುಕ್ಕೆ ದೊಡ್ಡದಾದಷ್ಟೂ ನಾನು ದೂರ ಹೋಗಿ, ಉಂಗುರ ತಿರುಗಿಸಿ, ಚೌಕಟ್ಟಿನ ಕಾಲು ಭಾಗಕ್ಕೆ ಅಂದವಾಗಿ ಕೂರಿಸಿದೆ. ಕೈ ತಾನೇ ಕೂರಿಸಿತು. ಅಂಗಾಲಿನ ಗೆರೆ ನಯವಾದದ್ದು ಮುಲಾಮಿನಿಂದಲ್ಲ, ನಾನು ದೂರ ಸರಿದದ್ದರಿಂದ. ಚುಕ್ಕೆ ಎರಡರಷ್ಟಾಯಿತು, ನಾನು ನಿನಗೆ ಕೂದಲೆಳೆಯಷ್ಟೂ ದೊಡ್ಡದಾಗಿಲ್ಲ ಎಂದು ಬರೆದೆ. ಅವಳು ಟೇಪು ಇಟ್ಟಿದ್ದಳು. ನಾನು ಕಿತ್ತು ಬಿಸಾಕಿದೆ, ಅಂದ ಕೆಡುತ್ತದೆ ಎಂದು.

ನಿನಗೆ ಗೊತ್ತಿತ್ತು. ಸೆಪ್ಟೆಂಬರಿನಲ್ಲಿ ನೀನು ಕೇಳದೆ ಬಿಟ್ಟ ಮಾತು ಇದೇ ತಾನೇ? ಗೊತ್ತಿದ್ದೂ ಫೋಟೋ ಚೆನ್ನಾಗಿದೆ ಅಂದೆ. ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಒಂದು ಸಾಲನ್ನು ತಡೆದುಕೊಳ್ಳಲು ಆಗುತ್ತಿಲ್ಲ. ಕ್ಯಾಮೆರಾ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಇನ್ನು ನೀನು ನನಗೆ ಬರೆಯದಿದ್ದರೂ ಅರ್ಥ ಮಾಡಿಕೊಳ್ಳುತ್ತೇನೆ.

ತಮ್ಮ

೨೦ ಫೆಬ್ರವರಿ ೧೯೯೪

ಮಿಡತೆ,

ಹೌದು, ಗೊತ್ತಿತ್ತು. ಡಾಕ್ಟರ ಚೀಟಿಯಲ್ಲಿ ಚುಕ್ಕೆ ಹತ್ತೊಂಬತ್ತು ಮಿಲಿಮೀಟರ್, ಮುಕ್ಕಾಲು ಇಂಚು, ಎಂದಿತ್ತು. ನನ್ನ ಮೇಜಿನ ಗಾಜಿನ ಕೆಳಗೆ ನಾಲ್ಕು ಫೋಟೋ ಒಂದೇ ಸಮ ಮಲಗಿದ್ದವು. ಒಂದು ನಿಮಿಷಕ್ಕೆ ಎಲ್ಲ ತಿಳಿಯಿತು.

ಈಗ ನನ್ನದನ್ನು ಕೇಳು. ಅಳತೆಯ ಗೆರೆ ಇಲ್ಲದ ಫೋಟೋವನ್ನು ನಮ್ಮ ಲ್ಯಾಬಿನಲ್ಲಿ ಯಾರಾದರೂ ತಂದರೆ ಮುಖಕ್ಕೆ ಎಸೆಯುವವಳು ನಾನು. ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠವೇ ಅದು. ನಿನಗೆ ಮಾತ್ರ ಹೇಳಲಿಲ್ಲ. ನೀನು ಟೇಪು ಬಿಸಾಕಿದ್ದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಗೆರೆಗಳು ನಯವಾದದ್ದನ್ನು ಕಂಡೂ ಮುಲಾಮಿನ ಮಹಿಮೆ ಅಂದವಳು ನಾನು. ಮೂರನೇ ಫೋಟೋದಲ್ಲಿ ಚುಕ್ಕೆಯ ಅಂಚು ಒಂದು ಕಡೆ ಒಡೆದಿತ್ತು. ಅದನ್ನೂ ಕಂಡೆ. ಗಾತ್ರ ಅಷ್ಟೇ ಇದೆಯಲ್ಲ ಎಂದು ಸುಮ್ಮನಾದೆ, ನಿನಗೆ ಹೇಳಲಿಲ್ಲ. ನಿನ್ನ ಕಾಗದಗಳು ಚೆನ್ನಾಗಿದ್ದವು, ಅದರ ನಡುವೆ ಕೆಟ್ಟ ಮಾತು ತರಲು ಮನಸ್ಸಾಗಲಿಲ್ಲ. ಫೋಟೋ ನೋಡುತ್ತಿದ್ದೇನೆ ಅಂದುಕೊಂಡು ನಾನು ನಿನ್ನನ್ನೇ ನೋಡುತ್ತಿದ್ದೆ. ಮೊದಲ ಕಾಗದದಲ್ಲಿ ಫೋಟೋ ಬೇಡ, ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂದಿದ್ದರೆ ಮುಗಿಯುತ್ತಿತ್ತು. ರೋಗ ತೊಡೆಸಂದಿಗೆ ಹಬ್ಬಿದ್ದನ್ನೂ ನವೆಂಬರಿನಲ್ಲಿ ನಿನಗೆ ಹೇಳಲಿಲ್ಲ. ತಪ್ಪು ನಿನ್ನದೊಂದೇ ಅಲ್ಲ ಕಣೋ.

ಇನ್ನೊಂದು ವಿಷಯವಿದೆ. ಹೇಳಬೇಕೋ ಬೇಡವೋ ಎಂದು ಹತ್ತು ದಿನ ಕೈ ಹಿಸುಕಿಕೊಂಡೆ. ಮುಚ್ಚಿಟ್ಟು ಮುಚ್ಚಿಟ್ಟೇ ನಾವು ಇಲ್ಲಿಗೆ ಬಂದೆವು, ಇನ್ನು ಸಾಕು.

ಅಲ್ಲಿಂದ ಹೊರಡುವಾಗ ಅಮ್ಮನ ಅಳತೆ ಪುಸ್ತಕವನ್ನು ಕೇಳದೆ ತಂದುಬಿಟ್ಟೆ. ನಮ್ಮಿಬ್ಬರ ಭುಜ, ಎದೆ, ಉದ್ದ ಅದರಲ್ಲಿದೆಯಲ್ಲ ಎಂಬ ಆಸೆಗೆ. ಎಲ್ಲ ಇದೆ. ಕೊನೆಯಲ್ಲಿ ಇನ್ನೊಂದು ಪುಟವಿದೆ, ಮೇಲೆ "ಕಾಲು" ಎಂದು ಬರೆದಿದೆ. ಫೋಟೋ ತೆಗೆದ ಮೇಲೆ ನಿನ್ನನ್ನು ಕೋಣೆಯಿಂದ ಅಟ್ಟುತ್ತಿದ್ದಳು ಎಂದಿದ್ದೆಯಲ್ಲ. ಆ ಹೊತ್ತಿನಲ್ಲಿ ಅಳೆದು ಬರೆದದ್ದು, ಕಾಗದದ ಲೆಕ್ಕ ಆಮೇಲೆ ಸೇರಿಸಿರಬೇಕು. ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ, ಟೇಪಿನಲ್ಲಿ ಒಂದು ಇಂಚಿಗೆ ಎಂಟು ಗೆರೆ ಎನ್ನುವುದು ನೆನಪಿರಲಿ.

"ಜನವರಿ. ಮೂರು ಗೆರೆ. ಮಗಳ ಕಾಗದ ಒಂದು ಹಾಳೆ.

ಏಪ್ರಿಲ್. ನಾಲ್ಕು ಗೆರೆ. ಕಾಗದ ಎರಡು ಹಾಳೆ.

ಜೂನ್. ಐದು ಗೆರೆ. ಕಾಗದ ಮೂರು ಹಾಳೆ. ಅವನು ಊಟ ಬಿಟ್ಟು ಎರಡು ಸಲ ಓದಿದ.

ಆಗಸ್ಟ್. ಆರು ಗೆರೆ. ನೋವಿದೆ. ಹೇಳಿದರೆ ಫೋಟೋ ನಿಲ್ಲುತ್ತೆ. ಇನ್ನೊಂದು ಕಾಗದ ಬರಲಿ."

ಅಷ್ಟೇ ಇರುವುದು.

ಅವಳಿಗೆ ನಮ್ಮಿಬ್ಬರ ಲೆನ್ಸೂ ಬೇಕಿರಲಿಲ್ಲ ಮಿಡತೆ. ಬರೀ ಟೇಪು ಹಿಡಿದು ನೋಡಿ ತಿಳಿದುಕೊಂಡು, ನಾವು ಮಾತಾಡುತ್ತಿದ್ದೇವಲ್ಲ ಎಂದು ಬಾಯಿ ಮುಚ್ಚಿಕೊಂಡಳು. ಅವಳ ಮೇಲೆ ಕೋಪ ಬರುತ್ತದೆ, ಕೂಗಾಡಬೇಕು ಅನ್ನಿಸುತ್ತದೆ, ಅವಳಿಲ್ಲ.

ಸೂಜಿ ಕಾಣುವ ಆ ಹನ್ನೊಂದರಲ್ಲಿ ಒಂದನ್ನು ನನಗೆ ಕಳಿಸು. ಮುಖ ಮಂಜಾಗಿದ್ದರೂ ಪರವಾಗಿಲ್ಲ, ನೀಲಿ ಅಂಗಿ ಕಾಣುತ್ತದಲ್ಲ. ಗಾಜಿನ ಕೆಳಗಿದ್ದ ನಾಲ್ಕನ್ನೂ ತೆಗೆದಿದ್ದೇನೆ, ಜಾಗ ಖಾಲಿ ಇದೆ.

ನಾನು ಬರೆಯದಿದ್ದರೂ ನೀನು ಅರ್ಥ ಮಾಡಿಕೊಳ್ಳುತ್ತೀಯಂತೆ. ಆ ದೊಡ್ಡಸ್ತಿಕೆ ನನ್ನ ಹತ್ತಿರ ಬೇಡ. ನಾವಿಬ್ಬರೂ ಬರೆಯುತ್ತಿರಬೇಕು ಎಂದು ಅವಳು ಕೊಟ್ಟದ್ದು ಎಷ್ಟು ಎಂದು ಈಗ ನಿನಗೂ ಗೊತ್ತು. ಇದು ನಾಲ್ಕು ಹಾಳೆ ಆಗಿದೆ, ಎಣಿಸಿ ನೋಡು. ನಿನ್ನದು ಬಂದಾಗ ನಾನೂ ಓದುವ ಮೊದಲು ಎಣಿಸುತ್ತೇನೆ.

ಅಕ್ಕ